ಮಳೆಯಲ್ಲಿ ನೆನೆದ ಸಿಸ್ಟರ್

ಹೋದ ವಾರ ದೋಸೆಗೆಂದು ರಾಗಿ ಹಿಟ್ಟು ಕಲಸಿಟ್ಟು ಮರೆತೇಬಿಟ್ಟಿದ್ದೆ. ಮಾರನೆಯ ದಿನ ಮಧ್ಯಾಹ್ನ ಮುಚ್ಚಳ ತೆಗೆದಾಗ ಹುಳಿ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಕಟ್ಟೆಯ ಮೇಲೆ ಪಲಾವಿಗೆಂದು ತಂದ ಶಾಜೀರಿಗೆಯ ಪೊಟ್ಟಣ ಬಿಚ್ಚಿಕೊಂಡಿತ್ತು. ಎರಡೂ ವಾಸನೆ ಬೆರೆತದ್ದೇ ತಡ, ನಾನು ಮೈಸೂರಿನ ಈ ಅಡುಗೆಮನೆಯಲ್ಲಿರಲಿಲ್ಲ. ತಿರುವನಂತಪುರದ ಬಾಡಿಗೆ ಮನೆ, ಪಕ್ಕದ ಮನೆಗೂ ನಮಗೂ ನಡುವೆ ಪಾಚಿ ಹಿಡಿದ ಗಿಡ್ಡ ಗೋಡೆ, ಆ ಗೋಡೆಯಾಚೆಯಿಂದ ಶನಿವಾರಗಳಲ್ಲಿ ತೇಲಿ ಬರುತ್ತಿದ್ದ ಕಪ್ಪು ಬ್ರೆಡ್ಡಿನ ಪರಿಮಳ...

ತೊಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಮನೆಯವರಿಗೆ ಅಲ್ಲಿನ ಬಾಹ್ಯಾಕಾಶ ಕೇಂದ್ರದಲ್ಲಿ ಕೆಲಸವಾಗಿತ್ತು. ನಾನು ಕಂಕುಳಲ್ಲಿ ಮಗಳನ್ನೆತ್ತಿಕೊಂಡು, ಅಮ್ಮ ಕಟ್ಟಿಕೊಟ್ಟ ರಾಗಿ ಹಿಟ್ಟಿನ ಚೀಲದೊಂದಿಗೆ ಹೋಗಿ ಇಳಿದಿದ್ದೆ. ಭಾಷೆ ಬಾರದು, ಗುರುತಿನವರಿಲ್ಲ. ಅವರು ಬೆಳಿಗ್ಗೆ ಕಚೇರಿಯ ಬಸ್ಸು ಹತ್ತಿದರೆ ಸಂಜೆಯವರೆಗೆ ನಾನೂ ಮಗಳೂ ಕಿಟಕಿಯಲ್ಲಿ ತೆಂಗಿನ ಮರ ನೋಡುತ್ತ ಕೂತಿರುತ್ತಿದ್ದೆವು. ಒಂದು ದಿನ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾಗ ಗೋಡೆಯಾಚೆಯಿಂದ ಕನ್ನಡ ಕೇಳಿಸಿತು.

"ನಿಮ್ಮಲ್ಲಿ ರಾಗಿ ಉಂಟಾ?"

ತಿರುಗಿ ನೋಡಿದರೆ ಐವತ್ತು ದಾಟಿದ ಹೆಂಗಸು. ಕುತ್ತಿಗೆಯವರೆಗೆ ಕತ್ತರಿಸಿದ ನರೆಗೂದಲು, ನೂಲಿನ ಸೀರೆ, ಕಾಲಿಗೆ ಉಣ್ಣೆಯ ಕಾಲುಚೀಲ. ಎದೆಯ ಮೇಲೆ ಪಿನ್ನಿಗೆ ಸಿಕ್ಕಿಸಿದ ಗಡಿಯಾರವೊಂದು ತಲೆಕೆಳಗಾಗಿ ನೇತಾಡುತ್ತಿತ್ತು. ರಾಗಿ ಯಾಕೆ ಎಂದು ನಾನು ಕೇಳುವ ಮೊದಲೇ ಅವರೇ ಹೇಳಿದರು. ಜರ್ಮನಿಯಲ್ಲಿ ತಿಂದ ಕಪ್ಪು ಬ್ರೆಡ್ಡಿಗೆ ನಾಲಿಗೆ ಇನ್ನೂ ಹಂಬಲಿಸುತ್ತದಂತೆ, ಅಲ್ಲಿನ ಧಾನ್ಯ ಇಲ್ಲಿ ಸಿಗುವುದಿಲ್ಲವಂತೆ. "ಗೋಧಿಯಲ್ಲಿ ಮಾಡಿದೆ, ಸರಿ ಬರ್ಲಿಲ್ಲ. ಮೈಸೂರಿನವರು ಬಂದಿದ್ದಾರೆ ಅಂತ ಗೊತ್ತಾಯ್ತು. ರಾಗಿಯಲ್ಲಿ ಒಮ್ಮೆ ನೋಡುವಾ ಅಂತ."

ಹುಳಿ ಬರಿಸಿದ ರಾಗಿ, ಸ್ವಲ್ಪ ಗೋಧಿ, ಒಂದು ಹಿಡಿ ಶಾಜೀರಿಗೆ. ಮೊದಲ ಬ್ರೆಡ್ಡು ಇಟ್ಟಿಗೆಯಂತಾಯಿತು. ಅದನ್ನು ತೆಳ್ಳಗೆ ಕತ್ತರಿಸಿ ಬೆಣ್ಣೆ ಹಚ್ಚಿ, ಇಬ್ಬರೂ ಮೆಟ್ಟಿಲ ಮೇಲೆ ಕೂತು ದವಡೆ ನೋಯುವವರೆಗೆ ಅಗಿದೆವು. ಅಂದಿನಿಂದ ಅವರು ನನಗೆ ಅಕ್ಕ. ಬೀದಿಗೆಲ್ಲ ಅವರು 'ಜರ್ಮನ್ ಚೇಚಿ'. ಚೇಚಿ ಎಂದರೂ ಅಕ್ಕನೇ. ಮನೆಯೊಳಗೆ ಕನ್ನಡ, ಹೊರಗೆ ಮಲಯಾಳಂ ಎಂದು ಎರಡು ನಾಲಿಗೆಯಲ್ಲಿ ಬೆಳೆಯುತ್ತಿದ್ದ ನನ್ನ ಮಗಳು ಅವರನ್ನು 'ಚೇಚಿಯಮ್ಮ' ಎಂದು ಕರೆದು, ಅವರು ಕನ್ನಡದಲ್ಲಿ ಏನು ಕೇಳಿದರೂ ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು.

ಕಾಸರಗೋಡಿನ ಕಡೆಯವರು. ಮಂಗಳೂರಿನಲ್ಲಿ ನರ್ಸಿಂಗ್ ಕಲಿತು, ಕೇರಳದ ಹುಡುಗಿಯರು ಗುಂಪುಗುಂಪಾಗಿ ಜರ್ಮನಿಯ ಆಸ್ಪತ್ರೆಗಳಿಗೆ ಹೋಗುತ್ತಿದ್ದ ಕಾಲದಲ್ಲಿ ಅವರೊಂದಿಗೆ ವಿಮಾನ ಹತ್ತಿದವರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಅಲ್ಲಿದ್ದು ವಾಪಸಾಗಿದ್ದರು. ಮದುವೆಯಾಗಿರಲಿಲ್ಲ. ತಿರುವನಂತಪುರದ ಒಂದು ಭಾಷಾ ಕೇಂದ್ರದಲ್ಲಿ ವಾರಕ್ಕೆ ಮೂರು ಸಂಜೆ ಜರ್ಮನ್ ಕಲಿಸುತ್ತಿದ್ದರು. ನನಗೂ ಮಧ್ಯಾಹ್ನಗಳಲ್ಲಿ ಕಲಿಸಿದರು, ಬೇಸರ ಕಳೆಯಲಿ ಎಂದು. ಬೀದಿಯ ಅರ್ಧ ಜನರ ರಕ್ತದೊತ್ತಡ ನೋಡುವವರು ಅವರೇ. ಸಂಜೆ ಆರಕ್ಕೆ ಊಟ ಮುಗಿಸಿಬಿಡುವವರು. ಜಾಸ್ತಿ ಮಾತಿಲ್ಲ, ಆದರೆ ಆಡಿದ ಮಾತಿನ ತುದಿಯಲ್ಲಿ ಒಂದು ನಗು ಇದ್ದೇ ಇರುತ್ತಿತ್ತು.

ಊರಿನ ಮಾತು ಬಂದರೆ ಮಾತ್ರ ಆ ನಗು ಕಾಣುತ್ತಿರಲಿಲ್ಲ. ಒಮ್ಮೆ ಕೇಳಿದ್ದೆ, ನಿಮ್ಮವರು ಯಾರೂ ಇಲ್ಲವೇ ಎಂದು.

"ತಮ್ಮ ಇದ್ದಾನೆ. ಎರ್ನಾಕುಲದಲ್ಲಿ ವಕೀಲ. ಮನೆ ತ್ರಿಪ್ಪುಣಿತ್ತುರದಲ್ಲಿ."

"ಬರ್ತಾರಾ ಇಲ್ಲಿಗೆ?"

"ಓಣಂ ಹಬ್ಬಕ್ಕೆ ಅವನ ಹೆಂಡತಿ ಒಂದು ಫೋನ್ ಮಾಡ್ತಾಳೆ," ಎಂದರು. ಆಮೇಲೆ ನನ್ನ ಜರ್ಮನ್ ಕ್ರಿಯಾಪದಗಳ ತಪ್ಪು ತಿದ್ದತೊಡಗಿದರು.

ನಾವು ಅಲ್ಲಿಗೆ ಹೋಗಿ ಮೂರೋ ನಾಲ್ಕೋ ವರ್ಷವಾಗಿದ್ದಾಗ, ಫೆಬ್ರವರಿಯಲ್ಲಿ, ಆ ಭಾಷಾ ಕೇಂದ್ರದವರು ಒಂದು ಪ್ರದರ್ಶನ ತರಿಸಿದರು. ಜರ್ಮನಿಯ ಯಾವುದೋ ನಡುಗಾತ್ರದ ಊರಿನ ಮ್ಯೂಸಿಯಂನಲ್ಲಿದ್ದ ಆಧುನಿಕ ಚಿತ್ರಗಳ ಸಂಗ್ರಹದಿಂದ ಆರಿಸಿದವು. ಮರದ ಅಚ್ಚಿನಿಂದ ಒತ್ತಿದ ಚಿತ್ರಗಳು, ಇದ್ದಿಲಿನ ರೇಖಾಚಿತ್ರಗಳು, ಕೆಲವು ಹೊಸಕಾಲದ ಬಣ್ಣದ ಕೆಲಸಗಳು. ಮೊದಲು ತಿರುವನಂತಪುರ, ಆಮೇಲೆ ಕೊಚ್ಚಿ. ಬಂದವರಿಗೆ ಮಲಯಾಳದಲ್ಲಿ ವಿವರಿಸಲು ಯಾರಾದರೂ ಬೇಕಿತ್ತು. ಅಕ್ಕನನ್ನು ಕೇಳಿದರು. "ನನಗೆ ಚಿತ್ರ ಗೊತ್ತಿಲ್ಲ, ಜರ್ಮನಿ ಗೊತ್ತುಂಟು, ಸಾಕಾದರೆ ಬರ್ತೇನೆ," ಎಂದರಂತೆ. ಸಾಕಾಯಿತು.

ಪ್ರದರ್ಶನ ತಿರುವನಂತಪುರದ ಮ್ಯೂಸಿಯಂ ಆವರಣದ ಹತ್ತಿರದ ಒಂದು ಸಭಾಂಗಣದಲ್ಲಿ. ಸಂಜೆಯಾದರೆ ಪಕ್ಕದ ಮೃಗಾಲಯದ ಸಿಂಹ ಗರ್ಜಿಸುವುದು ಒಳಗೆ ಕೇಳಿಸುತ್ತಿತ್ತು. ನಾನು ಮಗಳನ್ನು ಕರೆದುಕೊಂಡು ಮೊದಲ ದಿನವೇ ಹೋದೆ. ಕೊಡಲಿಯಲ್ಲಿ ಕೆತ್ತಿದಂಥ ಗಣಿ ಕಾರ್ಮಿಕರ ಮುಖಗಳು, ಬಾಂಬು ಬಿದ್ದು ಅರ್ಧ ಉಳಿದ ಬೀದಿ, ಹೊಗೆಕೊಳವೆಗಳ ಸಾಲು. ಒಂದು ಮೂಲೆಯಲ್ಲಿ ದೊಡ್ಡದೊಂದು ಚಿತ್ರ, ಮೇಲೆ ಒಂದು ಬೂದು ಪಟ್ಟಿ, ಕೆಳಗೆ ಇನ್ನೊಂದು ಬೂದು ಪಟ್ಟಿ, ಅಷ್ಟೇ. ಅದರ ಮುಂದೆ ಕೊಡೆ ಹಿಡಿದ ಹಿರಿಯರೊಬ್ಬರು ಸಿಟ್ಟಿನಲ್ಲಿ ನಿಂತಿದ್ದರು.

"ಇದಿಲ್ ಎಂದಾ ಉಳ್ಳದು, ಚೇಚೀ?" ಇದರಲ್ಲಿ ಏನಿದೆ ಎಂದು ಅವರ ಪ್ರಶ್ನೆ.

ಅಕ್ಕ ಅವರ ಪಕ್ಕ ಹೋಗಿ ನಿಂತು, ತಾವೂ ಮೊದಲ ಬಾರಿ ನೋಡುವವರಂತೆ ನೋಡಿದರು. ಆಮೇಲೆ ಮಲಯಾಳದಲ್ಲಿ ನಿಧಾನವಾಗಿ ಹೇಳಿದರು. ಅಲ್ಲಿ ಚಳಿಗಾಲ ಹಿಡಿದರೆ ಬಿಡುವುದಿಲ್ಲ. ತಾವು ಕೆಲಸ ಮಾಡುತ್ತಿದ್ದ ವಾರ್ಡಿನ ಕಿಟಕಿಯಲ್ಲಿ ತಿಂಗಳುಗಟ್ಟಲೆ ಕಾಣುತ್ತಿದ್ದದ್ದು ಇಷ್ಟೇ, ಮೇಲೆ ಮುಗಿಲು, ಕೆಳಗೆ ಹಿಮ. ಹಾಸಿಗೆ ಹಿಡಿದವರು ಇದನ್ನೇ ನೋಡುತ್ತ ಮಲಗಿರುತ್ತಿದ್ದರು. ಕೆಲವರು ಗುಣವಾದರು, ಕೆಲವರು ಇದನ್ನೇ ನೋಡುತ್ತ ಹೋದರು.

ಆ ಹಿರಿಯರು ಕೊಡೆಯನ್ನು ಗೋಡೆಗೆ ಒರಗಿಸಿ ಬಹಳ ಹೊತ್ತು ಅಲ್ಲೇ ನಿಂತರು.

ಚಿತ್ರಗಳ ಜೊತೆ ಆ ಮ್ಯೂಸಿಯಂನ ಮೇಲ್ವಿಚಾರಕಿಯೂ ಬಂದಿದ್ದಳು. ಎತ್ತರದ ಹುಡುಗಿ, ಬಿಸಿಲಿಗೆ ಮೂಗು ಕೆಂಪಾಗಿ ಸಿಪ್ಪೆ ಏಳುತ್ತಿತ್ತು. ಹಿಟ್ಲರನ ಕಾಲದಲ್ಲಿ ಇಂಥ ಚಿತ್ರಗಳೆಲ್ಲ ಕೆಟ್ಟವು ಎಂದು ಸರ್ಕಾರ ಗೋಡೆಯಿಂದ ಇಳಿಸಿ ಹೊತ್ತೊಯ್ದಿತ್ತೆಂದೂ, ಯುದ್ಧ ಮುಗಿದ ಮೇಲೆ ಊರಿನವರು ಒಂದೊಂದೇ ಕೋಣೆ ಮತ್ತೆ ತುಂಬಿಸಿದರೆಂದೂ ಅವಳು ಹೇಳಿದಳು. ದೊಡ್ಡ ಹೆಸರಿನವರದ್ದು ಸಿಗದಾಗ ತಮ್ಮದೇ ಊರಿನ ಕಲಾವಿದರದ್ದನ್ನು ಕೂಡಿಹಾಕಿದರಂತೆ.

ಅದೇ ದಿನ ಸಂಜೆ, ಜನ ಕರಗಿದ ಮೇಲೆ, ಹೊಗೆಕೊಳವೆಯ ಚಿತ್ರದ ಕೆಳಗಿದ್ದ ಹೆಸರಿನ ಚೀಟಿ ಓದಲು ಅಕ್ಕ ಬಗ್ಗಿದರು. ಬಗ್ಗಿದವರು ಹಾಗೆಯೇ ಉಳಿದರು. ಬೆನ್ನು ಹಿಡಿಯಿತೇನೋ ಎಂದು ನಾನು ಹತ್ತಿರ ಹೋದೆ.

"ಈ ಮನುಷ್ಯ ನನ್ನ ವಾರ್ಡಿನಲ್ಲಿದ್ದ," ಎಂದರು. "ಡ್ರಾಯಿಂಗ್ ಮಾಸ್ಟರು. ಶ್ವಾಸಕೋಶದ ಕಾಯಿಲೆ. ಯಾವಾಗ ನೋಡಿದರೂ ಇದ್ದಿಲು ಹಿಡಿದುಕೊಂಡು ಬೆಡ್‌ಶೀಟೆಲ್ಲ ಕಪ್ಪು ಮಾಡ್ತಿದ್ದ. ನಾನು ಬೈತಿದ್ದೆ."

ಆಮೇಲೆ ಅವರು ಆ ಹುಡುಗಿಯ ಬಳಿ ಹೋಗಿ ಜರ್ಮನಿನಲ್ಲಿ ಏನೋ ಕೇಳಿದರು. ನನ್ನ ಅರೆಬರೆ ಜರ್ಮನಿಗೆ ಸಿಕ್ಕಿದ್ದು ಆಸ್ಪತ್ರೆ ಎಂಬ ಒಂದೇ ಪದ. ಹುಡುಗಿಯ ಮುಖ ಅರಳಿತು. ಹೌದು, ಆ ಕಲಾವಿದ ಆಸ್ಪತ್ರೆಯಲ್ಲಿ ಬಿಡಿಸಿದ ಕೆಲವು ಹಾಳೆಗಳಿವೆ, ಅವನು ತೀರಿಕೊಂಡ ಮೇಲೆ ಹೆಂಡತಿ ಮ್ಯೂಸಿಯಂಗೆ ಕೊಟ್ಟದ್ದು, ಇಲ್ಲಿ ಜಾಗ ಸಾಲದ್ದಕ್ಕೆ ಪೆಟ್ಟಿಗೆಯಲ್ಲೇ ಇವೆ, ಕೊಚ್ಚಿಯಲ್ಲಿ ತೂಗುಹಾಕುತ್ತೇವೆ ಎಂದಳಂತೆ.

"ನೋಡ್ಬೇಕಾ ಅಕ್ಕ?" ಎಂದೆ.

"ಒಂದು ದಿನ ಅವನು ನನ್ನನ್ನು ಬರೆದಿದ್ದ. ಇಟ್ಟುಕೊಂಡನೋ ಹರಿದು ಬಿಸಾಡಿದನೋ..." ಎಂದವರು ಸೀರೆಯ ಸೆರಗನ್ನು ಸುಮ್ಮನೆ ಸರಿಮಾಡಿಕೊಂಡರು.

ಮಾರ್ಚಿನಲ್ಲಿ ನಾವು ಕೊಚ್ಚಿಗೆ ಹೊರಟೆವು. ಮಗಳನ್ನು ಅವಳ ಅಪ್ಪನ ಸುಪರ್ದಿಗೆ ಬಿಟ್ಟು, ಬೆಳಗಿನ ರೈಲು ಹಿಡಿದೆವು. ಕೊಲ್ಲಂ ದಾಟುವವರೆಗೆ ಅಕ್ಕ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಬಾಳೆಹಣ್ಣಿನ ಬಜ್ಜಿ ಮಾರುವವನು ಬಂದ. ನಾನು ಕೊಂಡೆ, ಅವರು ಅರ್ಧ ತಿಂದು ಕಾಗದದಲ್ಲಿ ಸುತ್ತಿಟ್ಟರು. ಆಮೇಲೆ, ನಾನೇನೂ ಕೇಳದೆಯೇ, ಮಾತು ತೆಗೆದರು.

ಅಪ್ಪ ಮೊದಲೇ ಇರಲಿಲ್ಲ. ಅಮ್ಮ, ಅವರು, ತಮ್ಮ. ಜರ್ಮನಿಗೆ ಹೋಗಿ ಎರಡನೆಯ ವರ್ಷದಲ್ಲಿ ಅಮ್ಮ ತೀರಿಕೊಂಡರು. ಟೆಲಿಗ್ರಾಂ ಕೈಸೇರುವಷ್ಟರಲ್ಲಿ ದಹನವೂ ಆಗಿಹೋಗಿತ್ತು. ಕರಾರು ಮುಗಿಯದೆ ಬರುವ ಹಾಗಿರಲಿಲ್ಲ, ಬಂದರೂ ನೋಡಲು ಏನೂ ಉಳಿದಿರಲಿಲ್ಲ. ತಮ್ಮ ಆಗಿನ್ನೂ ಕಾಲೇಜಿನ ಹುಡುಗ. ಒಬ್ಬನೇ ಬೆಂಕಿಯಿಟ್ಟ, ಒಬ್ಬನೇ ಎಲ್ಲ ಕರ್ಮ ಮಾಡಿದ. "ನನಗೆ ಅವನಿಗೆ ಬರೆಯಲಿಕ್ಕೆ ಕೈ ಬರ್ಲಿಲ್ಲ. ಎಂತ ಬರೆಯುವುದು? ಕಡೆಗೆ ಒಂದು ಸ್ವೆಟರ್ ಹೆಣೆದು ಕಳಿಸಿದೆ. ಕಾಸರಗೋಡಿನ ಸೆಕೆಗೆ ಸ್ವೆಟರ್! ನನ್ನ ಬುದ್ಧಿ ನೋಡು ಮಾರಾಯ್ತಿ." ನಕ್ಕರು. ನಗುತ್ತಲೇ ಕಿಟಕಿಯ ಕಡೆ ತಿರುಗಿದರು. ಹಿನ್ನೀರಿನ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು.

ಕೊಚ್ಚಿಯ ಪ್ರದರ್ಶನವಿದ್ದ ಎರ್ನಾಕುಲದ ಸಭಾಂಗಣ ಹಳೆಯ ಕಾಲದ್ದು, ಎತ್ತರದ ಮಾಡು, ಮರದ ಕಿಟಕಿಗಳು. ನಾವು ತಲುಪುವಾಗ ಊಟದ ಹೊತ್ತು, ಒಳಗೆ ಹೆಚ್ಚು ಜನರಿರಲಿಲ್ಲ. ಮೇಲ್ವಿಚಾರಕಿ ಹುಡುಗಿ ನಮ್ಮನ್ನು ನೋಡಿದ್ದೇ ಓಡಿ ಬಂದು ಒಳಗಿನ ಸಣ್ಣ ಕೋಣೆಗೆ ಕರೆದೊಯ್ದಳು. ಒಂದೇ ಗೋಡೆಯ ಮೇಲೆ ನಾಲ್ಕು ಹಾಳೆಗಳು. ಆಮ್ಲಜನಕದ ಸಿಲಿಂಡರ್. ನಿದ್ದೆ ಹೋದ ಮುದುಕ. ಕಿಟಕಿಯಾಚೆಯ ಬೋಳು ಮರ. ಮತ್ತೆ ನಾಲ್ಕನೆಯದು...

ಮುಕ್ಕಾಲಿಯ ಮೇಲೆ ಕೂತ ಒಬ್ಬ ಎಳೆಯ ನರ್ಸು. ಟೊಪ್ಪಿ ತೊಡೆಯ ಮೇಲಿದೆ. ಬಿಚ್ಚಿದ ಕಪ್ಪು ಕೂದಲು ತೋಯ್ದು ಕುತ್ತಿಗೆಗೆ, ಹೆಗಲಿಗೆ ಅಂಟಿಕೊಂಡಿದೆ. ಯೂನಿಫಾರಂ ಮೈಗೆ ಒತ್ತಿಕೊಂಡು ಮಂಡಿಯ ಮೂಳೆ ಕಾಣುತ್ತಿದೆ. ಬೂಟುಗಳನ್ನು ಪಕ್ಕಕ್ಕೆ ಜೋಡಿಸಿಟ್ಟು ಬರಿಗಾಲನ್ನು ನೆಲಕ್ಕೆ ಊರಿದ್ದಾಳೆ. ಕಾಲ ಬುಡದಲ್ಲಿ ನೀರು ಮಡುಗಟ್ಟಿದೆ. ಕೈಗಳು ಮಡಿಲಲ್ಲಿ ಅಂಗಾತ ಬಿದ್ದಿವೆ. ಮುಖವನ್ನು ಅವನು ಹೆಚ್ಚು ತಿದ್ದಿರಲಿಲ್ಲ, ನಾಲ್ಕಾರು ಗೆರೆ ಅಷ್ಟೇ. ಆದರೂ ಅವರೇ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಕೆಳಗೆ ಜರ್ಮನಿನಲ್ಲೂ ಇಂಗ್ಲಿಷಿನಲ್ಲೂ ಹೆಸರು: ಮಳೆಯಲ್ಲಿ ನೆನೆದ ಸಿಸ್ಟರ್.

ಅಕ್ಕ ಅಳಲಿಲ್ಲ. ಹತ್ತಿರ ಹೋದರು, ದೂರ ಬಂದರು, ಮತ್ತೆ ಹತ್ತಿರ ಹೋದರು. "ಎಷ್ಟು ಸಪೂರ ಇದ್ದೆ ನೋಡು," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಮಳೆ ಅಲ್ಲ ಅದು," ಎಂದರು.

ಅವತ್ತು ಮಧ್ಯಾಹ್ನ ಹಿರಿಯ ಸಿಸ್ಟರ್ ಟೆಲಿಗ್ರಾಂ ತಂದುಕೊಟ್ಟಳು. ಓದಿದ ಮೇಲೆ ಏನು ಮಾಡಬೇಕೆಂದು ತೋಚಲಿಲ್ಲವಂತೆ. ಊರಿನಲ್ಲಾಗಿದ್ದರೆ ಸುದ್ದಿ ಕಿವಿಗೆ ಬಿದ್ದ ಕೂಡಲೇ ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಹೊಯ್ದುಕೊಳ್ಳಬೇಕು. ಬಾವಿಯಿಂದ ಯಾರಾದರೂ ಸೇದಿ ಹೊಯ್ಯುತ್ತಿದ್ದರು, ಯಾರಾದರೂ ಹಿಡಿದುಕೊಳ್ಳುತ್ತಿದ್ದರು. ಇಲ್ಲಿ? ವಾರ್ಡಿನ ಬಚ್ಚಲಿಗೆ ಹೋಗಿ, ರೋಗಿಗಳಿಗೆ ನೀರು ಕೊಡುವ ಜಗ್ಗನ್ನೇ ತುಂಬಿ ತುಂಬಿ ತಲೆಗೆ ಸುರಿದುಕೊಂಡರು. ಮೈ ಮರಗಟ್ಟುವಂಥ ನೀರು. ಬಿಚ್ಚಿಟ್ಟಿದ್ದ ಬೂಟು ಕೈಯಲ್ಲಿ ಹಿಡಿದು ಆಚೆ ಬಂದು ಕಂಡ ಮೊದಲ ಮುಕ್ಕಾಲಿಯ ಮೇಲೆ ಕೂತರು. ಎದುರು ಹಾಸಿಗೆಯಲ್ಲಿ ಈ ಡ್ರಾಯಿಂಗ್ ಮಾಸ್ಟರು. ಏನಾಯಿತು ಸಿಸ್ಟರ್ ಎಂದು ಕೇಳಿದ.

"ನನಗೆ ಆಗ ಬರ್ತಿದ್ದದ್ದು ಆಸ್ಪತ್ರೆಯ ಜರ್ಮನ್. ನೋವು ಎಲ್ಲಿ, ಮಾತ್ರೆ ನುಂಗಿ, ಆ ಕಡೆ ತಿರುಗಿ. ಸೂತಕದ ಸ್ನಾನಕ್ಕೆ ಎಂತ ಹೇಳುವುದು? ಹೊರಗೆ ಮಳೆ ಬರ್ತಿತ್ತು. ಮಳೆ ಅಂದೆ. ಅವನು ಇನ್ನೇನೂ ಕೇಳ್ಲಿಲ್ಲ. ಕಾಗದ ತಗೊಂಡ."

ನಾವು ಹೊರಗೆ ಬಂದು ನಡೆಯುತ್ತ ದೋಣಿಗಳು ಹೊರಡುವ ಜೆಟ್ಟಿಯವರೆಗೆ ಹೋದೆವು. ಎದುರಿಗೆ ಹಿನ್ನೀರು, ಆಚೆ ವಲ್ಲಾರ್ಪಾಡಂ ದ್ವೀಪದ ತೆಂಗುಗಳು. ಅಲ್ಲಿನ ಚರ್ಚಿಗೆ ಹೋಗುವ ಹೆಂಗಸರು ಮೇಣದ ಬತ್ತಿ ಹಿಡಿದು ದೋಣಿ ಹತ್ತುತ್ತಿದ್ದರು. ಕಲ್ಲುಬೆಂಚಿನ ಮೇಲೆ ಕೂತ ಮೇಲೆ ಅಕ್ಕ ಉಳಿದದ್ದನ್ನು ಹೇಳಿದರು.

ಜರ್ಮನಿಯಿಂದ ಕಾಯಂ ವಾಪಸು ಬಂದ ವರ್ಷ ತಮ್ಮನ ಮನೆಗೆ ಹೋಗಿದ್ದರು. ಊಟಕ್ಕೆ ಕೂತಾಗ ಅವನು ತಲೆ ಎತ್ತದೆ ಒಂದೇ ಮಾತು ಕೇಳಿದ: ಅಮ್ಮ ಹೋದ ಸುದ್ದಿ ಬಂದಾಗ ನೀನು ಒಂದು ಸ್ನಾನವಾದರೂ ಮಾಡಿದ್ಯಾ? ಅಷ್ಟು ವರ್ಷ ನೆಂಟರೆಲ್ಲ ಅವನ ಕಿವಿಗೆ ತುಂಬಿದ್ದರು, ಜರ್ಮನಿಗೆ ಹೋದವಳಿಗೆ ಸೂತಕವೂ ಇಲ್ಲ, ಸ್ನಾನವೂ ಇಲ್ಲ ಎಂದು.

"ನೀವೇನು ಹೇಳಿದ್ರಿ?"

"ಎಂತದೂ ಇಲ್ಲ. ಎಲೆ ಮಡಚಿ ಎದ್ದೆ." ಅವರ ದನಿ ಗಟ್ಟಿಯಾಯಿತು. "ಯಾಕೆ ಹೇಳ್ಬೇಕು? ನಾನು ಅಮ್ಮನ ಮಗಳು ಅಂತ ಅವನಿಗೆ ಸಾಕ್ಷಿ ಕೊಡ್ಬೇಕಾ?"

ಒಂದು ದೋಣಿ ಹೋಯಿತು, ಇನ್ನೊಂದು ಬಂತು. ತಮ್ಮನನ್ನು ಕರೆದು ಚಿತ್ರ ತೋರಿಸಿ ಎಂದು ನನಗೆ ಹೇಳಬೇಕೆನಿಸಿದ ಮಾತು ಅವರಿಗೂ ಗೊತ್ತಿತ್ತು. ಆದರೆ ಅದು ನಾನು ಹೇಳುವಂಥದ್ದಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಅವರೇ ಎದ್ದು ರಸ್ತೆಯಾಚೆಯ ಎಸ್‌ಟಿಡಿ ಬೂತಿನ ಕಡೆ ನಡೆದರು. ಗಾಜಿನ ಬಾಗಿಲ ಹಿಂದೆ ಅವರ ಬಾಯಿ ಎರಡು ಮೂರು ಬಾರಿ ಮಾತ್ರ ಆಡಿದ್ದು ಕಂಡಿತು. ಹೊರಬಂದು, "ಕೋರ್ಟಿಗೆ ಹೋಗುವ ದಾರಿಯಲ್ಲಿ ಬರಬಹುದಂತೆ. ಬರಬಹುದು ಅಂದ, ಬರ್ತೇನೆ ಅನ್ಲಿಲ್ಲ," ಎಂದರು. ರಾತ್ರಿ ಉಳಿಯಲೆಂದು ಕಳಮಶ್ಶೇರಿಯ ಬಸ್ಸು ಹತ್ತಿದ ಮೇಲೆ ನನ್ನ ಕೈ ಮೇಲೆ ಕೈಯಿಟ್ಟರು. "ನೋಡು, ನೀನು ಅವನಿಗೆ ಎಂತದೂ ಹೇಳ್ಬೇಡ. ನಾನೂ ಹೇಳುವುದಿಲ್ಲ. ಅವನಿಗೆ ಕಂಡರೆ ಕಂಡಿತು."

ಕಳಮಶ್ಶೇರಿಯಲ್ಲಿ ನಮ್ಮವರ ಸ್ನೇಹಿತರ ಮನೆಯಲ್ಲಿ ಉಳಿದೆವು. ಮರುದಿನ ಸಭಾಂಗಣ ತೆರೆಯುವ ಮೊದಲೇ ನಾವು ಬಾಗಿಲಲ್ಲಿದ್ದೆವು. ಅಕ್ಕ ಆ ದಿನ ಕಾಲುಚೀಲ ಹಾಕಿರಲಿಲ್ಲ, ಎದೆಯ ಗಡಿಯಾರವನ್ನು ಮತ್ತೆ ಮತ್ತೆ ಎತ್ತಿ ನೋಡುತ್ತಿದ್ದರು. ಕೋರ್ಟಿನ ಹೊತ್ತು ಮೀರಿತು. ಇನ್ನು ಬರುವುದಿಲ್ಲ ಎಂದುಕೊಳ್ಳುತ್ತಿದ್ದಾಗ ಬಿಳಿ ಅಂಗಿ ತೊಟ್ಟು, ಕಪ್ಪು ಕೋಟನ್ನು ಕೈಮೇಲೆ ಹಾಕಿಕೊಂಡ ಗಂಡಸೊಬ್ಬರು ಮೆಟ್ಟಿಲು ಹತ್ತಿ ಬಂದರು. ಅಕ್ಕನದೇ ಹಣೆ, ಅಕ್ಕನದೇ ಗಲ್ಲ.

"ಎಂತ ಅಕ್ಕ, ಅರ್ಜೆಂಟು?"

"ಅರ್ಜೆಂಟು ಎಂತ ಇಲ್ಲ. ಚಿತ್ರ ನೋಡ್ಲಿಕ್ಕೆ ಕರೆದದ್ದು."

ಅವರಿಗೆ ರೇಗಿತು, ಕಾಣುತ್ತಿತ್ತು. ಆದರೂ ಹೊರಗಿನವಳಾದ ನಾನಿದ್ದೆನಲ್ಲ, ಮಾತಾಡದೆ ಹಿಂದೆ ಬಂದರು. ಗಣಿ ಕಾರ್ಮಿಕರನ್ನೂ ಬೂದು ಪಟ್ಟಿಗಳನ್ನೂ ದಾಟಿ, ಒಳಕೋಣೆಗೆ. ಅಕ್ಕ ಬೇಕೆಂದೇ ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡುತ್ತ ನಿಂತರು. ವಕೀಲರು ಒಂದೊಂದೇ ಹಾಳೆ ನೋಡಿದರು. ನಾಲ್ಕನೆಯದಕ್ಕೆ ಬಂದರು. ಹೆಸರಿನ ಚೀಟಿ ಓದಿದರು. ಚಿತ್ರ ನೋಡಿ ಅಕ್ಕನ ಬೆನ್ನು ನೋಡಿದರು.

"ಇದು ನೀನಾ?"

"ಹೌದು."

"ಯಾವಾಗ?"

ಅಷ್ಟರಲ್ಲಿ ಮೇಲ್ವಿಚಾರಕಿ ಹುಡುಗಿ ಉತ್ಸಾಹದಿಂದ ಬಂದು ಇಂಗ್ಲಿಷಿನಲ್ಲಿ ವಿವರಿಸತೊಡಗಿದಳು. ಮಳೆಯಲ್ಲಿ ತೋಯ್ದು ಕೆಲಸಕ್ಕೆ ಬಂದ ದೂರದೇಶದ ನರ್ಸು, ಆ ವರ್ಷಗಳ ದುಡಿಮೆಯ ದಣಿವು, ಕಲಾವಿದನ ಅನುಕಂಪ... ಇಷ್ಟು ಅಚ್ಚುಕಟ್ಟಾದ ವಿವರಣೆ ಸಿಕ್ಕಿದ ಮೇಲೆ ಅವರು ತಲೆಯಾಡಿಸಿ ಕೋರ್ಟಿಗೆ ಹೋಗಿಬಿಡಬಹುದಿತ್ತು.

ಅವರು ಹೋಗಲಿಲ್ಲ. ಕನ್ನಡಕ ಹಣೆಗೇರಿಸಿ ಚಿತ್ರಕ್ಕೆ ಮುಖ ತಾಗುವಷ್ಟು ಬಗ್ಗಿದರು. ಜೋಡಿಸಿಟ್ಟ ಬೂಟುಗಳನ್ನು ನೋಡಿದರು. ಬಿಚ್ಚಿದ ಕೂದಲನ್ನು ನೋಡಿದರು. ನೆಟ್ಟಗೆ ನಿಂತಾಗ ಕೈಮೇಲಿನ ಕೋಟು ಜಾರಿ ಕೆಳಗೆ ಬಿದ್ದಿತ್ತು, ಅವರಿಗೆ ಅದರ ಅರಿವಿರಲಿಲ್ಲ.

"ಮಳೆ ಅಲ್ಲ, ಮೇಡಂ," ಎಂದರು ಇಂಗ್ಲಿಷಿನಲ್ಲಿ. "ಮಳೆಯಲ್ಲಿ ಬಂದವರು ಬೂಟು ಬಿಚ್ಚಿಟ್ಟು ಆಮೇಲೆ ನೆನೆಯುವುದಿಲ್ಲ. ನೋಡಿ, ಕಾಲಡಿ ನೀರಿದೆ, ಬೂಟು ಒದ್ದೆಯಾಗಿಲ್ಲ. ಇದು ಸ್ನಾನ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ..." ಕೋರ್ಟಿನಲ್ಲಿ ದಿನವಿಡೀ ವಾದ ಮಾಡುವ ಮನುಷ್ಯನ ಇಂಗ್ಲಿಷು ಅಲ್ಲಿಗೆ ನಿಂತಿತು.

ಅಕ್ಕ ಕಿಟಕಿಯಿಂದ ತಿರುಗಿದರು.

"ಎಲ್ಲಿ ಮಾಡಿದ್ದು?" ಎಂದು ವಕೀಲರು ಕನ್ನಡದಲ್ಲಿ ಕೇಳಿದರು, ಮೆಲ್ಲಗೆ.

"ವಾರ್ಡಿನ ಬಚ್ಚಲಲ್ಲಿ."

"ಬಿಸಿ ನೀರು ಇರ್ಲಿಲ್ಲವಾ?"

"ಇತ್ತು. ಸೂತಕಕ್ಕೆ ಬಿಸಿ ನೀರಾ?"

"ಆ ಚಳಿಯಲ್ಲಿ... ನಿನಗೆ ಶೀತ ಆಗ್ಲಿಲ್ಲವಾ ಅಕ್ಕ?"

ಆ ಪ್ರಶ್ನೆ ಕೇಳಿದಾಗಲೇ ಅಕ್ಕನಿಗೆ ಅಳು ಬಂದದ್ದು. ಅಮ್ಮ ಹೋದಾಗ ಅವರನ್ನು ಹಾಗೆ ಕೇಳುವವರು ಯಾರೂ ಇರಲಿಲ್ಲವಲ್ಲ. "ಆಯ್ತು ಮಾರಾಯ, ತಿಂಗಳುಗಟ್ಟಲೆ ಕೆಮ್ಮಿದೆ," ಎಂದು ಅಳುತ್ತಲೇ ನಗತೊಡಗಿದರು. ತಮ್ಮ ಅವರ ಕೈ ಹಿಡಿದುಕೊಂಡು, ಸುತ್ತ ಜನ ಬಂದದ್ದನ್ನೂ ಲೆಕ್ಕಿಸದೆ, ಚಿಕ್ಕ ಹುಡುಗನಂತೆ ಭುಜ ಕುಲುಕಿಸಿ ಅತ್ತರು. ನಾನು ಕೋಟು ಎತ್ತಿ ಧೂಳು ಕೊಡವಿ ಹಿಡಿದುಕೊಂಡೆ. ಮೇಲ್ವಿಚಾರಕಿ ಹುಡುಗಿ ಕೋಣೆಯ ಬಾಗಿಲಿಗೆ ಅಡ್ಡ ನಿಂತು ಬರುವವರನ್ನು ಬೇರೆ ಕಡೆ ಕಳಿಸುತ್ತಿದ್ದಳು.

ಎಲ್ಲ ತಿಳಿದ ಮೇಲೆ ಅವಳು ಅಕ್ಕನನ್ನು ಕೇಳಿದಳು, ಚಿತ್ರದ ಹೆಸರು ಬದಲಿಸಲು ಮ್ಯೂಸಿಯಂಗೆ ಬರೆಯಲೇ ಎಂದು. ಅಕ್ಕ ಬೇಡ ಎಂದರು. ಆ ಮನುಷ್ಯ ನನ್ನ ಮಾತು ನಂಬಿ ಇಟ್ಟ ಹೆಸರು ಅದು, ಇರಲಿ ಎಂದರಂತೆ.

ತಮ್ಮ ಆ ದಿನ ಕೋರ್ಟಿಗೆ ಹೋಗಲಿಲ್ಲ. ನಮ್ಮಿಬ್ಬರನ್ನೂ ತ್ರಿಪ್ಪುಣಿತ್ತುರಕ್ಕೆ ಕರೆದೊಯ್ದರು. ಅವರ ಹೆಂಡತಿ ಬಾಗಿಲು ತೆಗೆದು ಮೊದಲು ಗಂಡನ ಮುಖ, ಆಮೇಲೆ ಅತ್ತಿಗೆಯ ಮುಖ ನೋಡಿ, ಏನನ್ನೂ ಕೇಳದೆ ಒಳಗೆ ಹೋಗಿ ಇನ್ನಷ್ಟು ಅಕ್ಕಿ ತೊಳೆದರು. ಊಟಕ್ಕೆ ಹುರುಳಿ ಸಾರು, ಕುಚ್ಚಲಕ್ಕಿ ಅನ್ನ, ಮಾವಿನಮಿಡಿ. ಅಕ್ಕ ತಮ್ಮಂದಿರು ಅಮ್ಮನ ಮಾತು ಶುರುಮಾಡಿದರು. ಅಮ್ಮ ಹುರುಳಿಯನ್ನು ಹೇಗೆ ಹುರಿಯುತ್ತಿದ್ದಳು, ಯಾರಿಗೆ ಬಯ್ಯುವಾಗ ಯಾವ ಮಾತು, ಬಾವಿಗೆ ಬಿದ್ದ ಕೊಡವನ್ನು ಹೇಗೆ ಎತ್ತಿಸಿದಳು... ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ತುಂಬುತ್ತಿದ್ದರು. ಹೊರಟಾಗ ಸಂಜೆ ಆರು ಯಾವಾಗಲೋ ಕಳೆದಿತ್ತು. ಅಕ್ಕ ಗಡಿಯಾರವನ್ನು ಒಮ್ಮೆಯೂ ನೋಡಿರಲಿಲ್ಲ.

ಆಮೇಲೆ ಗೋಡೆಯಾಚೆ ತಿಂಗಳಿಗೊಮ್ಮೆಯಾದರೂ ವಕೀಲರ ದನಿ ಕೇಳಿಸುತ್ತಿತ್ತು. ಸಣ್ಣ ಸಣ್ಣದಕ್ಕೆ ಜಗಳ, ಕಾಸರಗೋಡಿನ ಜಾಗದ ವಿಷಯಕ್ಕೆ, ಅಕ್ಕನ ಬ್ರೆಡ್ಡಿನ ವಿಷಯಕ್ಕೆ. "ಇದನ್ನು ತಿಂದರೆ ಹಲ್ಲಿನ ಡಾಕ್ಟರ್ ಹತ್ತಿರ ಹೋಗ್ಬೇಕು," ಎನ್ನುತ್ತಿದ್ದರು. ಹೋಗುವಾಗ ಒಂದು ಇಡೀ ಬ್ರೆಡ್ಡನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಹೋಗುತ್ತಿದ್ದರು.

ದಶಕದ ಕೊನೆಗೆ ನಮಗೆ ವರ್ಗವಾಯಿತು. ಹೊರಡುವ ದಿನ ಅಕ್ಕ ಸ್ಟೇಷನ್ನಿಗೆ ಬರಲಿಲ್ಲ. ಬೀಳ್ಕೊಡುವುದು ತನಗೆ ಆಗುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದರು. ಗೋಡೆಯ ಹತ್ತಿರ ನಿಂತು ನನ್ನ ಮಗಳ ಕೆನ್ನೆ ಸವರಿದರು. ಅವಳು ಮಲಯಾಳದಲ್ಲಿ ನಾಳೆ ಬರುತ್ತೇನೆ ಎಂದಳು... ಕೆಲವು ವರ್ಷ ಫೋನಿನಲ್ಲಿ ಮಾತಾಡಿದೆವು. ಆಮೇಲೆ ಅವರು ತಮ್ಮನ ಮನೆಗೇ ಹೋದರು. ಒಂದು ಬೆಳಿಗ್ಗೆ ವಕೀಲರ ಫೋನು ಬಂತು. "ಅಕ್ಕ ಹೋದ್ರು. ನಿದ್ದೆಯಲ್ಲಿ. ನಿಮಗೆ ಹೇಳ್ಬೇಕು ಅನ್ನಿಸಿತು," ಎಂದರು. ಫೋನಿಟ್ಟು ಬಚ್ಚಲಿಗೆ ಹೋಗಿ, ಉಟ್ಟ ಸೀರೆಯಲ್ಲೇ ತಲೆಗೆ ತಣ್ಣೀರು ಹೊಯ್ದುಕೊಂಡೆ. ಅವರು ನಿನಗೇನಾಗಬೇಕು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ಈಗ ಮಗಳು ಧಾರವಾಡದಲ್ಲಿ ಪಾಠ ಹೇಳುತ್ತಾಳೆ. ಮಲಯಾಳಂ ಪೂರ್ತಿ ಮರೆತಿದ್ದಾಳೆ, ಚೇಚಿ ಎಂಬೊಂದು ಮಾತು ಮಾತ್ರ ಉಳಿದಿದೆ. ಮೊನ್ನೆ ಫೋನಿನಲ್ಲಿ ಇದನ್ನೆಲ್ಲ ಹೇಳುತ್ತಿದ್ದಾಗ ಅವಳು ಕೇಳಿದಳು, "ಅವರದ್ದು ಕಾಸರಗೋಡಿನಲ್ಲಿ ಯಾವ ಊರಮ್ಮ?"

ಅಷ್ಟು ವರ್ಷ ಒಂದೇ ಗೋಡೆಯ ಈ ಕಡೆ ಆ ಕಡೆ ಇದ್ದೆವು. ಅವರ ಅಮ್ಮ ಹುರುಳಿ ಹುರಿಯುತ್ತಿದ್ದ ಬಗೆ ನನಗೆ ಗೊತ್ತಿದೆ, ಆ ಬಾವಿ ಇದ್ದ ಊರಿನ ಹೆಸರು ಗೊತ್ತಿಲ್ಲ. ಕೇಳಬೇಕೆಂದು ತ್ರಿಪ್ಪುಣಿತ್ತುರದ ಹಳೆಯ ನಂಬರಿಗೆ ಫೋನ್ ಮಾಡಿದೆ. ವಕೀಲರೂ ತೀರಿಕೊಂಡು ಬಹಳ ಕಾಲವಾಯಿತು, ಅದು ನನಗೆ ತಿಳಿದಿದ್ದೇ. ಅವರ ಹೆಂಡತಿ ಸಿಕ್ಕಾರು ಎಂದುಕೊಂಡಿದ್ದೆ. ಈ ನಂಬರು ಈಗ ಚಾಲ್ತಿಯಲ್ಲಿಲ್ಲ ಎಂದು ಒಂದು ಹೆಣ್ಣುದನಿ ಮಲಯಾಳದಲ್ಲಿ ಹೇಳಿತು. ಅರ್ಥವಾಗದವಳಂತೆ ಇನ್ನೊಮ್ಮೆ ಕೇಳಿಸಿಕೊಂಡೆ...